ಮೂರು ವರ್ಷದಿಂದ ಎಸಿಗೆ ಗ್ಯಾಸ್ ಹಾಕಸ್ಲಕತ್ತೀನಿ, ಈಗ ಕಾಯಿಲ್ (ಗ್ಯಾಸ್ ಹರಿಯೋ ಪೈಪಿನ ಸುರುಳಿ) ಬದಲಸ್ರಿ ಅಂತಾರ, ಏನ್ ಮಾಡ್ಲಿ?

ಕಲಬುರಗಿ_ಬಿಸಿಲು

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಿಂದ ಬರಿಲಕತ್ತೀನಿ. ಸ್ವಲ್ಪ ಉದ್ದ ಆಗ್ತದ, ಆದ್ರೂ ಪೂರ್ತಿ ಓದಿ ಹೇಳ್ರಿ, ಯಾಕಂದ್ರ ಈ ವಾರದಾಗ ದುಡ್ಡು ಕೊಡೋದೋ ಬಿಡೋದೋ ಅಂತ ತೀರ್ಮಾನ ಮಾಡಬೇಕಾಗ್ಯಾದ.

ನಮ್ಮದು ಎರಡನೇ ಅಂತಸ್ತು, ಅದರ ಮ್ಯಾಲ ಬರೀ ಮಾಳಗಿ. ಅಪ್ಪನ ರೂಮಿಗಿ 2021ರಾಗ 1.5 ಟನ್ ಸ್ಪ್ಲಿಟ್ ಎಸಿ ಕೂಡಿಸಿದ್ವಿ, ಇನ್ವರ್ಟರ್ (ಬೇಕಾದಂಗ ತಾನೇ ಸ್ಪೀಡ್ ಏರಿಳಿಸೋದು), 3 ಸ್ಟಾರ್, ಗ್ಯಾಸ್ ಆರ್-32 ಅಂತ ಹೊರಗಿನ ಯೂನಿಟ್ ಮ್ಯಾಲಿನ ಸ್ಟಿಕ್ಕರಿನಾಗ ಅದ. ರೂಮು 12 ಬೈ 14, ಒಂದು ಗ್ವಾಡಿ ಪಡುವಣಕ್ಕ. ಮೊದಲ ಎರಡು ಬ್ಯಾಸಗಿ ಚಲೋ ನಡೀತು. ಮೂರನೇ ಬ್ಯಾಸಗಿಗಿ ಕೂಲಿಂಗ್ ಕಮ್ಮಿ ಆಯ್ತು, ಮೆಕ್ಯಾನಿಕ್ ಬಂದು ಗ್ಯಾಸ್ ಹೋಗ್ಯಾದ ಅಂತ 2,800 ತಗೊಂಡು ತುಂಬಿದ. ಮುಂದಿನ ವರ್ಷ ಮತ್ತ ಅದೇ, 3,000. ಈ ವರ್ಷ ಮಾರ್ಚಿನಾಗೇ ಹಾಕಸಿದ್ವಿ, 3,200 ಕೊಟ್ಟೀವಿ, ಇನ್ನ ಮೂರು ವಾರ ಆಗಿಲ್ಲ, ಮತ್ತ ಹಂಗೇ ಆಗ್ಯಾದ.

ಏನಾಗ್ಲಕತ್ತದ ಅಂದ್ರ, ಚಾಲೂ ಮಾಡಿದ ಮ್ಯಾಲ ಒಂದು ಇಪ್ಪತ್ತು ನಿಮಿಷ ತಣ್ಣನ ಗಾಳಿ ಬರ್ತದ, ಆಮ್ಯಾಲ ಬರೀ ಫ್ಯಾನಿನ ಗಾಳಿ ಬಂದಂಗ. ರಿಮೋಟಿನಾಗ 18 ಇಟ್ರೂ ಅಷ್ಟೇ 16 ಇಟ್ರೂ ಅಷ್ಟೇ. ಮೊನ್ನಿ ರಾತ್ರಿ ಒಳಗಿನ ಯೂನಿಟಿನಿಂದ ಟಪ್ ಟಪ್ ಅಂತ ಅಪ್ಪನ ಹಾಸಿಗಿ ಮ್ಯಾಲೇ ನೀರು ಬಿತ್ತು, ಮುಚ್ಚಳ ಎತ್ತಿ ನೋಡಿದ್ರ ಒಳಗ ಒಂದು ಮೂಲ್ಯಾಗ ಬರ್ಫ ಕಟ್ಟಿತ್ತು. ಮೆಕ್ಯಾನಿಕ್‌ಗ ಕರೆಸಿದ್ರ ಬಂದು ಕೈ ಹಚ್ಚಿ ನೋಡಿ "ಕಾಯಿಲ್ ಲೀಕ್ ಅದ, ಬದಲಸಬೇಕು, 14 ಸಾವಿರ ಆಗ್ತದ, ಇಲ್ಲಾಂದ್ರ ಹೊಸ ಎಸಿ ತಗೋರಿ" ಅಂದ. ಎಲ್ಲಿ ಲೀಕ್ ಅದ ತೋರಸಪ್ಪ ಅಂದ್ರ "ಅದು ಕಾಣಸಲ್ಲ ಸರ್" ಅಂತಾನ.

ಅಪ್ಪಗ 74, ಹಾರ್ಟಿನ ಗುಳಗಿ ಚಾಲೂ ಅವ. ಇಲ್ಲಿ ಬಿಸಿಲು 42ಕ್ಕ ಹೋಗ್ಯಾದ, ರಾತ್ರಿ 11ರ ತನ ಗ್ವಾಡಿ ಮುಟ್ಟಿದ್ರ ಸುಡ್ತದ. ಅವರು ಏನೂ ಅನ್ನಲ್ಲ, ಸುಮ್ಮ ಎದ್ದು ಹೋಗಿ ವರಾಂಡದಾಗ ಚಾಪಿ ಹಾಕ್ಕೊಂಡು ಮಲಗ್ತಾರ, ಅದು ನಂಗ ನೋಡ್ಲಿಕ್ಕೆ ಆಗಲ್ಲಾಗ್ಯಾದ. ಕಾಯಿಲ್ ಬದಲಸ್ಲೋ, ಹೊಸದು ತರ್ಲೋ, ಬ್ಯಾರೆ ಏನಾದ್ರೂ ಅದನೋ ತಿಳಿದವರು ಹೇಳ್ರಿ.

ಓಮ್_ನಿಯಮ

ಸರ್, ಎರಡು ದಿನ ತಡೀರಿ, ಈಗಲೇ ದುಡ್ಡು ಕೊಡಬೇಡಿ. ನಾನು ಬೆಂಗಳೂರಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡೋನು, ಗ್ಯಾಸ್ ವಿಷಯ ನನಗಿಂತ ಗೊತ್ತಿರೋರು ಬಂದು ಹೇಳ್ತಾರೆ, ನಾನು ಕರೆಂಟ್ ಮಾತ್ರ ಕೇಳ್ತೀನಿ. ಬೇಸಿಗೆಲಿ ಸಂಜೆ ಏಳರಿಂದ ಹತ್ತರವರೆಗೆ ಎಲ್ಲರ ಮನೆ ಎಸಿ ಕೂಲರ್ ಒಟ್ಟಿಗೆ ಓಡುತ್ತೆ, ವೋಲ್ಟೇಜ್ ಬೀಳುತ್ತೆ, ಇನ್ವರ್ಟರ್ ಎಸಿ ತನ್ನನ್ನ ಕಾಪಾಡಿಕೊಳ್ಳೋಕೆ ಕಂಪ್ರೆಸರ್ (ಗ್ಯಾಸ್ ಒತ್ತಿ ಸುತ್ತಿಸೋ ಪಂಪ್) ಸ್ಪೀಡ್ ಇಳಿಸಿಬಿಡುತ್ತೆ ಇಲ್ಲಾ ನಿಲ್ಲಿಸಿಬಿಡುತ್ತೆ, ಒಳಗಡೆ ಫ್ಯಾನ್ ಮಾತ್ರ ತಿರುಗ್ತಾ ಇರುತ್ತೆ. ನೋಡೋರಿಗೆ ಗ್ಯಾಸ್ ಹೋದ ಹಾಗೇ ಕಾಣುತ್ತೆ.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನ ಕರೆದು ಮೀಟರಲ್ಲಿ ಎಸಿ ಪಾಯಿಂಟ್ ಹತ್ರ ಎರಡು ಸಲ ಅಳೆಸಿ, ಎಸಿ ಆಫ್ ಇದ್ದಾಗ ಒಂದ್ಸಲ, ಕಂಪ್ರೆಸರ್ ಓಡ್ತಿರುವಾಗ ಒಂದ್ಸಲ. ಇರಬೇಕಾದ್ದು 230. ಆಫ್ ಇದ್ದಾಗಲೇ 185, 190 ಬಂದ್ರೆ ತೊಂದರೆ ಹೊರಗಿನ ಲೈನಲ್ಲಿದೆ, ಕಂಪ್ಲೇಂಟ್ ಕೊಡಬೇಕು. ಆಫ್ ಇದ್ದಾಗ 220 ಇದ್ದು ಓಡಿದ ತಕ್ಷಣ 195ಕ್ಕೆ ಬಿದ್ರೆ ತೊಂದರೆ ಬಹುಮಟ್ಟಿಗೆ ನಿಮ್ಮ ಮನೆ ವೈರಲ್ಲೇ ಇರುತ್ತೆ, ಸಣ್ಣ ವೈರ್ ಎಳೆದಿರ್ತಾರೆ ಇಲ್ಲಾ ಎಲ್ಲೋ ಸ್ಕ್ರೂ ಸಡಿಲ ಇರುತ್ತೆ. 1.5 ಟನ್ನಿಗೆ ಮೀಟರ್ ಬೋರ್ಡಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪ್ಸ್ ಎಂಸಿಬಿ (ಲೋಡ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದ್ರೆ ನೆಮ್ಮದಿ. ಇನ್ನೊಂದು, ಎಸಿ ಒಂದು ಗಂಟೆ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಅದರ ಪಿನ್ ನೋಡಿ. ಕಂದುಬಣ್ಣಕ್ಕೆ ತಿರುಗಿದ್ರೆ, ಸಾಕೆಟ್ ಸುತ್ತ ಪ್ಲಾಸ್ಟಿಕ್ ಮೆತ್ತಗಾಗಿದ್ರೆ ಅದನ್ನ ಇವತ್ತೇ ಬದಲಾಯಿಸಿ, ಬೆಂಕಿ ಅಲ್ಲಿಂದಲೇ ಹತ್ತೋದು.

ಬೀದರ_ಹುಡುಗ

ಅಣ್ಣ, 14 ಸಾವಿರ ಕೊಟ್ಟು ಹಳೀದು ರಿಪೇರಿ ಯಾಕ, ಎಕ್ಸ್‌ಚೇಂಜ್ ಕೊಟ್ಟು ಹೊಸದು ತಗೊಂಡ್ರ ಆಯ್ತಲ್ಲ. ನಾ ಹಂಗೇ ಮಾಡೀನಿ.

ಹುಬ್ಬಳ್ಳಿ_ಕೂಲಿಂಗ್

ಸರ, ನಮಸ್ಕಾರ. ಹುಬ್ಬಳ್ಳಿಯಾಗ 17 ವರ್ಷದಿಂದ ಫ್ರಿಜ್, ಎಸಿ ಕೆಲಸಾ ಮಾಡ್ಕೊಂತ ಬಂದೇನಿ. ನಿಮ್ಮ ಮಾತು ಓದಿ ಬ್ಯಾಸರ ಆತು, ಯಾಕಂದ್ರ ಇದು ನಮ್ಮ ಕಸಬಿನಾಗ ಬ್ಯಾಸಗಿ ಬಂತಂದ್ರ ದಿನಾ ನಡೆಯೂ ತಪ್ಪು. ಬೀದರಿನ ತಮ್ಮ ಹೇಳಿದಂಗ ಹೊಸಾದು ತರೂದು ಕಡೀ ಮಾತು, ಈಗ ಬ್ಯಾಡ್ರಿ. ಹೊಸಾದನ್ನೂ ಹಳೇ ಪೈಪಿಗೇ ಹಳೇ ಕೈಯಿಂದನ ಜೋಡಿಸಿದ್ರ ಎರಡು ವರ್ಷಕ್ಕ ಮತ್ತ ಇಲ್ಲೇ ಬಂದು ನಿಂದರ್ತೀರಿ.

ಎಸಿ ಗ್ಯಾಸ್ ಅಂದ್ರ ಗಾಡಿ ಪೆಟ್ರೋಲ್ ಅಲ್ರಿ, ಅಡಗಿ ಮನಿ ಸಿಲಿಂಡರೂ ಅಲ್ಲ, ಓಡಿಸಿದಂಗ ಮುಗೀತೈತಿ ಅನ್ನಾಕ. ಎಸಿ ತಂಪು ಹುಟ್ಟಸೂದಿಲ್ಲ, ಒಳಗಿನ ಶಕಿ ಎತ್ಕೊಂಡು ಹೋಗಿ ಹೊರಗ ಚೆಲ್ತೈತಿ, ಅಷ್ಟ. ಬಾವಿಯಿಂದ ನೀರು ಸೇದ್ತೀವಲ್ಲ ಹಂಗ ಅನ್ಕೋರಿ, ಕಂಪ್ರೆಸರ್ ಅಂದ್ರ ರಟ್ಟಿ, ಗ್ಯಾಸ್ ಅಂದ್ರ ಕೊಡ. ಒಳಗಿನ ಕಾಯಿಲಿನಾಗ ಕುದ್ದು ಶಕಿ ತುಂಬ್ಕೋತೈತಿ, ಹೊರಗಿನ ಕಾಯಿಲಿನಾಗ ಅದನ್ನ ಬಿಟ್ಟು ಮತ್ತ ನೀರಾಗಿ ಒಳಗ ಬರ್ತೈತಿ, ಸುತ್ತಿ ಸುತ್ತಿ ಅದ ಗ್ಯಾಸ್. ನೀರು ಸೇದಿದ್ರ ಕೊಡ ಸವಿಯೂದಿಲ್ಲ, ತೂತಾದ್ರ ಸೋರ್ತೈತಿ. ಗ್ಯಾಸ್ ಕಮ್ಮಿ ಆಗೈತಿ ಅಂದ್ರ ಎಲ್ಲೋ ತೂತು ಐತಿ ಅಂತ ಅರ್ಥ. ತೂತು ಹುಡುಕಲಾರದ ಮೂರು ಸಲ ಗ್ಯಾಸ್ ತುಂಬಿದವರು ನಿಮ್ಮ 9,000 ರೂಪಾಯಿ ಗಾಳಿಗೆ ಬಿಟ್ಟಾರ. ಮತ್ತ ಆರ್-32 ಒಂದು ಕಿಲೋ ಗಾಳಿಗೆ ಹೋದ್ರ 675 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯ್ತೈತಿ, ಅದೂ ನಮ್ಮ ಬಿಸಿಲಿಗೇ ಬಂದು ಕೂಡ್ತೈತಿ.

ಆದ್ರ ನಿಮ್ಮದು ಗ್ಯಾಸ್ ಕಮ್ಮೀನ ಅಂತ ಮೊದಲ ಖಾತ್ರಿ ಆಗಬೇಕು. ಬರ್ಫ ಎರಡು ಕಾರಣಕ್ಕ ಕಟ್ತೈತಿ. ಫಿಲ್ಟರ್ ಧೂಳು ತುಂಬಿದ್ರ, ಗಾಳಿ ಊದೂ ಬ್ಲೋವರ್ ಫ್ಯಾನಿಗೆ ಹೊಲಸು ಮೆತ್ತಿದ್ರ ಗಾಳಿ ಸಾಲೂದಿಲ್ಲ, ಆಗ ಕಾಯಿಲಿನ ಉದ್ದಗಲಕ್ಕೂ ಬೆಳ್ಳಗ ಕಟ್ತೈತಿ. ಗ್ಯಾಸ್ ಕಮ್ಮಿ ಇದ್ರ ಒಳಗಿನ ಪ್ರೆಶರ್ ಬೀಳ್ತೈತಿ, ಗ್ಯಾಸ್ ಕಾಯಿಲಿಗೆ ಬರೂ ಬಾಯಾಗನ ಸೊನ್ನಿಗಿಂತ ಕೆಳಗ ಕುದೀತೈತಿ, ಅಲ್ಲಿ ಒಂದು ಮೂಲ್ಯಾಗ ಬರ್ಫ, ಉಳಿದದ್ದೆಲ್ಲಾ ಒಣಾ ಒಣಾ. ನೀವು ಒಂದು ಮೂಲಿ ಅಂದ್ರಿ, ಅದಕ್ಕ ನನಗ ಗ್ಯಾಸ್ ಮ್ಯಾಲ ಸಂಶೆ. ಆದ್ರ ಕಣ್ಣಾರೆ ನೋಡ್ದ ನಾ ಹೇಳೂದಿಲ್ಲ, ಹಿಂಗ ಮಾಡ್ರಿ:

ಮೊದಲ ಎಸಿ ಬರೀ ಫ್ಯಾನ್ ಮೋಡಿನಾಗ ಇಟ್ಟು ಬರ್ಫ ಪೂರಾ ಕರಗಸ್ರಿ, ಚಾಕು ಸ್ಕ್ರೂಡ್ರೈವರ್ ಹಾಕಿ ಕೆರಿಬ್ಯಾಡ್ರಿ, ತೂತ ಇಲ್ಲದಲ್ಲಿ ತೂತ ಆಕೈತಿ. ಫಿಲ್ಟರ್ ತೊಳದು ಒಣಗಿಸಿ ಹಾಕ್ರಿ. ಕೂಲ್ ಮೋಡ್, 24, ಫ್ಯಾನ್ ಹೈ, ಬಾಗಲಾ ಹಾಕಿ ಒಂದು ತಾಸು ಬಿಡ್ರಿ. ಆಮ್ಯಾಲ ಒಳಗಿನ ಯೂನಿಟ್ ಮ್ಯಾಲ ಗಾಳಿ ಒಳಗ ಹೋಗೂ ಕಡೆ ಒಂದು, ಕೆಳಗ ಗಾಳಿ ಹೊರಗ ಬರೂ ಬಾಯಾಗ ಒಂದು ಟೆಂಪರೇಚರ್ ಅಳೀರಿ. ಜ್ವರದ ಥರ್ಮಾಮೀಟರ್ ಇದಕ್ಕ ನಡೆಯೂದಿಲ್ಲ, ಮೀನಿನ ತೊಟ್ಟಿಗೆ ಇಡ್ತಾರಲ್ಲ, ವೈರ್ ಇರೂ ಡಿಜಿಟಲ್ದು, ಇನ್ನೂರು ಮುನ್ನೂರಕ್ಕ ಸಿಗ್ತೈತಿ. ಎರಡರ ನಡುವ 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ರ ಮಶೀನ್ ಚಲೋ ಐತಿ, ರೂಮಿನ ಶಕೀನ ಜಾಸ್ತಿ ಅಂತ ತಿಳೀರಿ. ಹೊರಗಿನ ಯೂನಿಟ್ ಬಾಜೂಕ ಎರಡು ಪೈಪ್ ಬಂದು ಕೂಡ್ತಾವ, ದಪ್ಪಂದು ತಣ್ಣಗ ಬೆವತಂಗ ಇರಬೇಕು. ದಪ್ಪಂದು ಬೆಚ್ಚಗಿದ್ದು ಸಣ್ಣದಕ್ಕ ಬರ್ಫ ಹಿಡದಿದ್ರ ನನಗ ಬಂದು ಹೇಳ್ರಿ.

16 ಇಟ್ರ ಲಗೂನ ತಣ್ಣಗ ಆಕೈತಿ ಅನ್ನೂದು ಖರೇ ಅಲ್ಲ, ಗಾಳಿ ಇನ್ನಷ್ಟು ತಣ್ಣಗ ಬರೂದಿಲ್ಲ, ಮಶೀನ್ ನಿಂದರದಂಗ ಓಡ್ತೈತಿ ಅಷ್ಟ. 2020ರ ಜನವರಿಯಿಂದ ಬರೂ ಎಸಿ ಚಾಲೂ ಮಾಡಿದ ಕೂಡ್ಲೇ 24ಕ್ಕ ನಿಂದರೂ ಹಂಗ ಸರ್ಕಾರನ ಮಾಡೈತಿ.

ಕಾಯಿಲಿಂದು ಆಮ್ಯಾಲ ನೋಡೂಣು. ವಾರಂಟಿ ಕಾರ್ಡ್ ಮಾತ್ರ ಇವತ್ತ ತಗದು ಓದ್ರಿ, ಕೆಲವು ಕಂಪನಿಯವರು ಕಾಯಿಲಿಗೂ 5 ವರ್ಷ ಕೊಡ್ತಾರ.

ಉಳ್ಳಾಲದ_ಅಕ್ಕ

ಹುಬ್ಬಳ್ಳಿಯವರು ಹೇಳಿದ್ದು ಎಲ್ಲ ಸರಿ ಉಂಟು, ಆದ್ರೆ ಕಾಯಿಲ್ ಲೀಕ್ ಅಂತ ಹೇಳಿದ ಕೂಡ್ಲೇ ಮೋಸ ಅಂತ ತಿಳ್ಕೊಳ್ಬೇಡಿ ಸರ್. ನಮ್ಮ ಮನೆ ಉಳ್ಳಾಲದಲ್ಲಿ, ಸಮುದ್ರ ಕೂಗಿದ್ರೆ ಕೇಳ್ತದೆ. ಉಪ್ಪಿನ ಗಾಳಿಗೆ ನಾಲ್ಕನೇ ವರ್ಷಕ್ಕೆ ಹೊರಗಿನ ಯೂನಿಟಿನ ಅಲ್ಯುಮಿನಿಯಂ ರೆಕ್ಕೆ ಬೆರಳು ಮುಟ್ಟಿದ್ರೆ ಬೂದಿಯ ಹಾಗೆ ಉದುರ್ತಿತ್ತು, ತಾಮ್ರದ ಪೈಪಿಗೆ ಹಸಿರು ಹಿಡಿದಿತ್ತು, ನಮ್ದು ನಿಜವಾಗಿಯೂ ಕಾಯಿಲೇ ಹೋದದ್ದು. ಆದ್ರೆ ನಮ್ಮ ಮೆಕ್ಯಾನಿಕ್ ಅದನ್ನ ಬಾಯಲ್ಲಿ ಹೇಳ್ಲಿಲ್ಲ, ಕಾಯಿಲ್ ಬಿಚ್ಚಿ ಎರಡೂ ಬಾಯಿ ಮುಚ್ಚಿ ನೈಟ್ರೋಜನ್ ತುಂಬಿ ದೊಡ್ಡ ಟಬ್ಬಿನ ನೀರಲ್ಲಿ ಮುಳುಗಿಸಿ ತೋರಿಸಿದ್ರು, ಒಂದೇ ಜಾಗದಿಂದ ಗುಳ್ಳೆ ಸಾಲಾಗಿ ಬರ್ತಾ ಇತ್ತು. ನೀವೂ ಹಾಗೇ ತೋರಿಸ್ಲಿಕ್ಕೆ ಹೇಳಿ. ತೋರಿಸಿದ್ರೆ 14 ಸಾವಿರ ಕೊಡಿ, ಇಲ್ಲದಿದ್ರೆ ಬೇಡ. ಕಲಬುರಗಿಯಲ್ಲಿ ಸಮುದ್ರ ಇಲ್ವಲ್ಲ, ಇಷ್ಟು ಬೇಗ ಕಾಯಿಲ್ ಹೋಗ್ಬಾರ್ದು ಅಂತ ನನಗೆ ಕಾಣ್ತದೆ.

ಮತ್ತೆ ಅಪ್ಪ ಇಷ್ಟು ದಿನ ಹೊರಗೆ ಮಲಗುದಾ? ನಿಮ್ಮಲ್ಲಿ ಒಣ ಹವೆ ಅಲ್ವಾ, ಅಲ್ಲಿವರೆಗೆ ಒಂದು ಕೂಲರ್ ಇಡಿ. ನಮಗೆ ಇಲ್ಲಿ ಕೂಲರ್ ಇಟ್ಟು ಪ್ರಯೋಜನ ಇಲ್ಲ, ಗಾಳಿಯಲ್ಲೇ ನೀರು ತುಂಬಿರ್ತದೆ, ಪ್ಯಾಡಿನ ನೀರು ಆರುವುದೇ ಇಲ್ಲ, ಮೈ ಅಂಟಂಟು ಆಗುದೊಂದೇ. ನಿಮಗೆ ಹಾಗಲ್ಲ.

ಕಲಬುರಗಿ_ಬಿಸಿಲು

ಎಲ್ಲರಿಗೂ ಬಾಳ ಉಪಕಾರ ಆಯ್ತು. ಅಕ್ಕಾ, ನೀವಂದಂಗ ನಮ್ಮ ಕಾಕಾನ ಮನಿಯಿಂದ ಕೂಲರ್ ತಂದು ಇಟ್ಟೀನಿ, ಅಪ್ಪ ಒಳಗ ಮಲಗ್ಲಕತ್ತಾರ.

ನಿನ್ನಿ ಎಲ್ಲಾ ಅಳದೀನಿ. ಸಂಜಿ ಏಳೂವರಿಗಿ ವೋಲ್ಟೇಜ್ ಎಸಿ ಬಂದ್ ಇದ್ದಾಗ 214, ಓಡೋ ಟೈಮಿಗಿ 208. ಪ್ಲಗ್ ತಗದು ನೋಡಿದ್ರ ಓಮ್ ಸರ್ ಹೇಳ್ದಂಗೇ ಒಂದು ಪಿನ್ ಕರ್ರಗ ಆಗಿತ್ತು, ಸಾಕೆಟಿನ ಒಂದು ಕಡಿ ಕಂದು. ಎಲೆಕ್ಟ್ರಿಷಿಯನ್ ಬಿಚ್ಚಿದ್ರ ಒಳಗಿನ ಸ್ಕ್ರೂ ಬೆರಳಿಲೇ ತಿರುಗ್ಲಕತ್ತಿತ್ತು. ಅಪ್ಪನ ತಲಿ ಕಡೀಗೇ ಅದ ಆ ಸಾಕೆಟು, ನೋಡಿ ಕೈ ಕಾಲು ತಣ್ಣಗಾದ್ವು. ಹೊಸ ಸಾಕೆಟ್ ಹಾಕ್ಸೀನಿ.

ಬರ್ಫ ಕರಗ್ಸಿ, ಫಿಲ್ಟರ್ ತೊಳದು ಒಂದು ತಾಸು ಓಡಿಸಿದ ಮ್ಯಾಲ ಮ್ಯಾಲಿಂದು 33, ಕೆಳಗಿಂದು 29. ನಾಲ್ಕೇ ಡಿಗ್ರಿ ಫರಕ. ಮತ್ತ ಬರ್ಫ ಎಡಗಡಿ ಕೆಳಗಿನ ನಾಕೈದು ಪೈಪಿಗಿ ಅಷ್ಟೇ, ಉಳಿದ ಕಾಯಿಲ್ ಮುಟ್ಟಿದ್ರ ಒಣಗಿದಂಗ ಅದ. ಹೊರಗಿನ ಯೂನಿಟಿನಾಗ ದಪ್ಪ ಪೈಪ್ ಬೆಚ್ಚಗ, ಸಣ್ಣದಕ್ಕ ಬೆಳ್ಳಗ ಮಂಜು ಹಿಡದದ. ವಾರಂಟಿ ಕಾರ್ಡಿನಾಗ ಕಂಪ್ರೆಸರಿಗಿ ಅಷ್ಟೇ ಅದ, ಕಾಯಿಲಿಗಿ ಒಂದೇ ವರ್ಷ.

ಹುಬ್ಬಳ್ಳಿ_ಕೂಲಿಂಗ್

ಸರ, ಈಗ ಸಂಶೆ ಇಲ್ಲ, ಗ್ಯಾಸ್ ಕಮ್ಮಿ ಐತಿ. ನೀವು ಹೇಳಿದ ನಾಲ್ಕೂ ಗುರುತು ಅದನ್ನ ಹೇಳ್ತಾವ. ಇವತ್ತಿನಿಂದ ಕೂಲ್ ಮೋಡಿನಾಗ ಓಡಿಸಬ್ಯಾಡ್ರಿ. ತಿರುಗಿ ಬರೂ ತಣ್ಣನ ಗ್ಯಾಸಿನಿಂದನ ಕಂಪ್ರೆಸರಿನ ಮೈ ತಣ್ಣಗ ಇರೂದು, ಗ್ಯಾಸ್ ಇಲ್ಲದ ಓಡಿಸಿದ್ರ ಅದ ಕಾಯ್ದು ಹೋಕ್ಕೈತಿ, ಆಗ ಖರೇನ ಹೊಸ ಎಸಿ ತರಬೇಕಾಗ್ತೈತಿ.

ಈಗ ತೂತಿನ ಮಾತು. ಮೂರು ವಾರದಾಗ ಖಾಲಿ ಆಗಾಕತ್ತೈತಿ ಅಂದ್ರ ಲೀಕ್ ಕಾಣೂವಷ್ಟು ದೊಡ್ಡದ ಐತಿ, "ಕಾಣಸಲ್ಲ" ಅನ್ನೂ ಮಾತು ನಾ ಒಪ್ಪೂದಿಲ್ಲ. ಕಾಯಿಲಿಗಿಂತ ಮೊದಲ ಜಾಯಿಂಟ್ ನೋಡಬೇಕು. ಸ್ಪ್ಲಿಟ್ ಎಸಿಗೆ ಮನಿಗೆ ಬಂದು ಕೈಲೆ ಮಾಡೂ ಜಾಯಿಂಟ್ ನಾಕು ಇರ್ತಾವ, ಒಳಗಿನ ಯೂನಿಟಿನ ಹಿಂದ ಎರಡು, ಹೊರಗಿನ ವಾಲ್ವಿಗೆ ಎರಡು. ತಾಮ್ರದ ಪೈಪಿನ ಬಾಯಿ ತುತೂರಿ ಹಂಗ ಅರಳಿಸಿ ನಟ್ ಬಿಗೀತೀವಿ, ಅದಕ್ಕ ಫ್ಲೇರ್ ಅಂತೀವಿ. ಪೈಪ್ ಕೊಯ್ದ ಮ್ಯಾಲ ಅಂಚಿನಾಗ ಉಳಿಯೂ ಚೂಪು ಎಳಿ ಕೆರದು ತಗೀಲಿಲ್ಲಂದ್ರ, ಅರಳಿಸೂದು ಸೊಟ್ಟ ಆದ್ರ, ಇಲ್ಲಾ ಹೆಂಗೂ ಇರ್ಲಿ ಅಂತ ಪಾನಾ ಹಾಕಿ ಮಿತಿ ಮೀರಿ ಬಿಗಿದ್ರ ಆ ತುತೂರಿ ಬಾಯಿ ಸಣ್ಣಗ ಸೀಳ್ತೈತಿ. ಮೊದಲ ಎರಡು ವರ್ಷ ತಡೀತೈತಿ, ದಿನಾ ಬಿಸಿ ಆಗಿ ತಣ್ಣಗಾಗಿ ಸೀಳು ದೊಡ್ಡದಾಕೈತಿ. ಐದನೇದು ಗ್ಯಾಸ್ ತುಂಬೂ ಪಿನ್. ನಿಮಗ ಮೂರು ಸಲ ಗೇಜ್ (ಪ್ರೆಶರ್ ಅಳೆಯೂ ಮೀಟರ್) ಪೈಪ್ ಹಚ್ಚಿ ಬಿಚ್ಯಾರ, ಪಿನ್ ಸರಿ ಕೂಡಲಿಲ್ಲಂದ್ರ, ಮ್ಯಾಲಿನ ಹಿತ್ತಾಳಿ ಮುಚ್ಚಳ ಹಾಕಲಿಲ್ಲಂದ್ರ ಅಲ್ಲೂ ಸೋರ್ತೈತಿ.

ಗ್ಯಾಸಿನ ಸಂಗತಿ ಕಂಪ್ರೆಸರ್ ಎಣ್ಣೀನೂ ಸುತ್ತತೈತಿ ಸರ. ಗ್ಯಾಸ್ ಕಣ್ಣಿಗೆ ಕಾಣೂದಿಲ್ಲ, ಎಣ್ಣಿ ಕಾಣ್ತೈತಿ. ಲೀಕ್ ಇದ್ದಲ್ಲಿ ಎಣ್ಣಿ ಜಿನುಗಿ ಅದಕ್ಕ ಧೂಳು ಕೂತು ಕರ್ರಗ ಜಿಡ್ಡು ಆಗಿರ್ತೈತಿ. ನಟ್ ಮ್ಯಾಲ ಸುತ್ತಿದ ಟೇಪು, ಸ್ಪಂಜು ಬಿಚ್ಚಸಿ ಮೊಬೈಲ್ ಟಾರ್ಚ್ ಹಾಕಿ ನೋಡ್ರಿ, ಬೆರಳಿಗೆ ಜಿಡ್ಡು ಹತ್ತಿದ್ರ ಕಳ್ಳ ಸಿಕ್ಕಂಗ.

ರಿಪೇರಿಗೆ ಬ್ಯಾರೆ ಮನಿಷ್ಯಾನ್ನ ಕರಸ್ರಿ, ಫೋನಿನಾಗನ ಮೂರು ಕೇಳ್ರಿ: ನೈಟ್ರೋಜನ್ ಸಿಲಿಂಡರ್ ಐತೇನು, ವ್ಯಾಕ್ಯೂಮ್ ಪಂಪ್ ಐತೇನು, ಗ್ಯಾಸ್ ತೂಗೂ ತಕ್ಕಡಿ ಐತೇನು. ಒಂದು ಇಲ್ಲಂದ್ರೂ ಬ್ಯಾಡ ಅನ್ರಿ. ನೈಟ್ರೋಜನ್ 350, 400 ಪಿಎಸ್‌ಐ (ಪ್ರೆಶರ್ ಅಳತಿ) ತನಕ ತುಂಬಿ ಸೋಪಿನ ನೊರಿ ಹಚ್ಚಿದ್ರ ಲೀಕ್ ತಾನಾ ಬಾಯಿ ಬಿಡ್ತೈತಿ. ಜಾಯಿಂಟ್ ಹೊಸಾದು ಮಾಡಿದ ಮ್ಯಾಲ ಮತ್ತ ತುಂಬಿ ತಾಸೆರಡು ತಾಸು ಬಿಡಬೇಕು, ಗೇಜಿನ ಮುಳ್ಳು ಇಳೀಬಾರದು. ಆಮ್ಯಾಲ ಪಂಪ್ ಹಚ್ಚಿ ಗಾಳಿ, ಹಸಿ ಎಲ್ಲಾ ಎಳೀಬೇಕು, ಕಮ್ಮಿ ಅಂದ್ರ ಅರ್ಧ ತಾಸು. ಕೆಲವರು ಇದನ್ನ ಬಿಟ್ಟು ಒಂದೀಟು ಗ್ಯಾಸ್ ಬಿಟ್ಟು ಪುಸ್ ಅನ್ನಿಸಿ ಗಾಳಿ ಹೊಂಟು ಹೋತು ಅಂತಾರ, ಹೋಗಿರೂದಿಲ್ಲ. ಉಳಿದ ಹಸಿ ಎಣ್ಣಿಗೆ ಕೂಡಿ ಆಮ್ಲ ಆಗಿ ಒಳಗಿಂದೊಳಗ ಕಂಪ್ರೆಸರ್ ತಿಂತೈತಿ.

ಕಡೀಕ ಗ್ಯಾಸ್ ತೂಕ ಮಾಡಿ ಹಾಕಬೇಕು. ಹೊರಗಿನ ಯೂನಿಟ್ ಸ್ಟಿಕ್ಕರಿನಾಗ ಎಷ್ಟು ಗ್ರಾಂ ಅಂತ ಬರದಿರ್ತೈತಿ, ಅಷ್ಟು. ಹಳೇ ಆರ್-22 ಎಸಿಗೆ 60, 70 ಪ್ರೆಶರ್ ನೋಡಿ ಹಾಕತಿದ್ವಿ, ಆರ್-32ಕ್ಕ ಅದು 120ರಿಂದ 150ರ ಮಟ ಇರ್ತೈತಿ, ಇನ್ವರ್ಟರಿನಾಗ ಕಂಪ್ರೆಸರ್ ಸ್ಪೀಡ್ ಬದಲಾದಂಗ ಅದೂ ಏರಿಳಿತೈತಿ, ಅದಕ್ಕ ಮುಳ್ಳು ನಂಬೂದಲ್ಲ, ತಕ್ಕಡಿ ನಂಬೂದು. ಮತ್ತ ಆರ್-32 ಬೆಂಕಿ ಹತ್ತೂ ಗ್ಯಾಸು, ಅಡಗಿ ಗ್ಯಾಸಿನಷ್ಟು ಅಲ್ಲ ಖರೆ, ಆದ್ರೂ ಕೆಲಸಾ ನಡೆದಾಗ ಕಿಡಕಿ ತಗದಿಡ್ರಿ, ಅಪ್ಪಾರನ್ನ ಬ್ಯಾರೆ ರೂಮಿನಾಗ ಕುಂದರಸ್ರಿ. ನೈಟ್ರೋಜನ್ ಬದಲಿ ಆಕ್ಸಿಜನ್ ತುಂಬ್ತೇನಿ ಅಂದ್ರ ಅವನ್ನ ಮನಿ ಒಳಗ ಬಿಡಬ್ಯಾಡ್ರಿ, ಆಕ್ಸಿಜನ್ ಎಣ್ಣಿ ಕೂಡಿದ್ರ ಸಿಡೀತೈತಿ, ಜೀವಾ ಹೋಕ್ಕಾವ.

ರಾಯಚೂರು_ಟೀಚರ್

ನಾವೂ ರಾಯಚೂರಾಗ ಮ್ಯಾಲಿನ ಅಂತಸ್ತಿನವರೇ, ಅದಕ್ಕ ಎರಡು ಮಾತು. ಕೂಲರ್ ಇಟ್ಟೀನಿ ಅಂದ್ರಲ್ಲ ಸರ್, ಕಿಡಕಿ ಒಂದು ಅರ್ಧ ತಗದಿರ್ರಿ, ಹಸಿ ಗಾಳಿ ಹೊರಗ ಹೋಗಲಿಲ್ಲಂದ್ರ ತಾಸಿನಾಗ ರೂಮು ಕುದ್ದಂಗ ಆಗ್ತದ. ಎಸಿ ರಿಪೇರಿ ಆದ ಮ್ಯಾಲ ಕೂಲರ್ ಪೂರ್ತಿ ಬಂದ್ ಮಾಡ್ರಿ, ಎರಡೂ ಕೂಡಿ ಹಾಕಬ್ಯಾಡ್ರಿ, ಕೂಲರ್ ಗಾಳಿಗೆ ಸೇರಿಸಿದ ನೀರನ್ನ ಎಸಿ ಹಿಂಡಿ ತಗೀಬೇಕಾಗ್ತದ, ಅದಕ್ಕೇ ಅದರ ಶಕ್ತಿ ಒಂದಿಷ್ಟು ಹೋಗ್ತದ. ಕೂಲರ್ ನೀರು ವಾರಕ್ಕೊಮ್ಮೆ ಚೆಲ್ಲಿ ತಿಕ್ಕಿ ತೊಳೀರಿ, ಡೆಂಗಿ ಸೊಳ್ಳಿ ಅಂಥ ನಿಂತ ನೀರಿನಾಗೇ ಹುಟ್ಟೋದು.

ಇನ್ನೊಂದು, ರಾತ್ರಿ ಒಂಬತ್ತಕ್ಕ ಸ್ಟೂಲ್ ಹಾಕ್ಕೊಂಡು ಸೀಲಿಂಗಿಗೆ ಕೈ ಹಚ್ಚಿ ನೋಡ್ರಿ. ನಾ ನೋಡಿದಾಗ ಹಂಚಿನ ಮ್ಯಾಲ ಕೈ ಇಟ್ಟಂಗ ಆಗಿತ್ತು. ಸ್ಲ್ಯಾಬು ದಿನಪೂರ್ತಿ ಬಿಸಿಲು ಕುಡದು ರಾತ್ರಿಪೂರ್ತಿ ನಮ್ಮ ಮ್ಯಾಲ ಬಿಡ್ತದ. ಒಂದು ಟನ್ ಎಸಿ ಅಂದ್ರ ಒಂದು ಟನ್ ಮಂಜುಗಡ್ಡಿ 24 ತಾಸಿನಾಗ ಕರಗೋವಷ್ಟು ಶಕಿ ಹೊರಗ ಒಯ್ಯೋದು ಅಂತ ಲೆಕ್ಕ, ಆ ಮಂಜುಗಡ್ಡಿ ಅರ್ಧ ನಿಮ್ಮ ಮಾಳಗಿಗೇ ಕರಗಿ ಹೋದ್ರ ಅಪ್ಪಾಜಿಗೆ ಏನು ಉಳೀತದ? ಹಿಂದಿನ ಮನಿಗೆ ಮೊಳದಪ್ಪ ಕಲ್ಲಿನ ಗ್ವಾಡಿ, ಮಣ್ಣಿನ ಮಾಳಗಿ ಇತ್ತು, ಬಿಸಿಲು ಒಳಗ ಬರೋದ್ರಾಗ ಹೊತ್ತು ಮುಳುಗ್ತಿತ್ತು, ಈಗಿನ ಐದಾರು ಇಂಚಿನ ಸ್ಲ್ಯಾಬಿಗೆ ಆ ತಡಿಯೋ ಶಕ್ತಿ ಇಲ್ಲ. ನಾವು ಮಾಳಗಿ ಕಸಾ ಹೊಡದು ತೊಳದು, ಸುಣ್ಣದಾಗ ಒಂದಿಷ್ಟು ಫೆವಿಕಾಲ್ ಕಲಸಿ ಸಂಜಿ ಹೊತ್ತಿನಾಗ ಎರಡು ಕೋಟು ಹೊಡದೀವಿ. ಮಳಿಗೆ ಹೋಗ್ತದ, ಮುಂದಿನ ವರ್ಷ ಮತ್ತ ಹೊಡೀಬೇಕು, ಆದ್ರ ಬ್ಯಾಸಗಿ ಕಳೀತದ. ಪಡುವಣ ಗ್ವಾಡಿಗೆ ಕಿಡಕಿ ಇದ್ರ ಪರದೆ ಒಳಗ ಬ್ಯಾಡ, ಹೊರಗ ಕಟ್ರಿ, ಬಿಸಿಲು ಗ್ಲಾಸ್ ದಾಟಿ ಬಂದ ಮ್ಯಾಲ ತಡೆದ್ರ ಉಪಯೋಗ ಕಮ್ಮಿ.

ಕಲಬುರಗಿ_ಬಿಸಿಲು

ಆಯ್ತ್ರಿ, ಆಯ್ತು! ಪೂರ್ತಿ ಹೇಳ್ತೀನಿ, ಯಾಕಂದ್ರ ನನ್ನಂಗ ಇನ್ನ ಎಷ್ಟು ಮಂದಿ ವರ್ಷಾ ಗ್ಯಾಸ್ ಹಾಕ್ಸಲಕತ್ತಾರೋ ಏನೋ.

ಆರು ಮಂದಿಗಿ ಫೋನ್ ಹಚ್ಚೀನಿ ಅಣ್ಣ. ನೈಟ್ರೋಜನ್ ಅದನಾ ಅಂತ ಕೇಳಿದ ಕೂಡ್ಲೇ ನಾಲ್ಕು ಮಂದಿ "ಅದೆಲ್ಲ ಯಾಕ ಸರ್" ಅಂದ್ರು, ಒಬ್ಬ ಫೋನೇ ಇಟ್ಟ. ಆರನೇ ಹುಡುಗ ಐಟಿಐ ಓದಿದಂವ, ಮೂರೂ ಅವ ಅಂದ, ಹೊತ್ಕೊಂಡು ಬಂದ. ಮೊದಲ ಹೊರಗಿನ ಎರಡು ನಟ್ ನೋಡ್ದ, ಪಿನ್ ನೋಡ್ದ, ಏನೂ ಇಲ್ಲ. ಒಳಗಿನ ಯೂನಿಟ್ ಸ್ವಲ್ಪ ಮುಂದ ಎತ್ತಿ ಕೆಳಗ ಕಟಗಿ ತುಂಡು ಕೊಟ್ಟು ಹಿಂದಿನ ಟೇಪ್ ಬಿಚ್ಚಿದ. ನೀವು ಹೇಳಿದ್ದೇ ಖರೆ, ದಪ್ಪ ಪೈಪಿನ ನಟ್ ಸುತ್ತ ದೀಪದ ಬತ್ತಿ ಸುಟ್ಟಂಗ ಕರ್ರನ ಜಿಡ್ಡು, ಸ್ಪಂಜೂ ಎಣ್ಣಿ ಕುಡದು ಮೆತ್ತಗ ಆಗಿತ್ತು. ನೈಟ್ರೋಜನ್ ತುಂಬಿ ನೊರಿ ಹಚ್ಚಿದ. ಮೊದಲಿಗಿ ಏನೂ ಕಾಣಲಿಲ್ಲ, ನಾ ಟಾರ್ಚ್ ಹಿಡ್ಕೊಂಡು ನಿಂತಿದ್ದೆ, ಒಂದು ಅರ್ಧ ನಿಮಿಷಕ್ಕ ನಟ್ಟಿನ ಬುಡದಾಗ ಎಳ್ಳಿನಂಥ ಗುಳ್ಳಿ ಒಂದು, ಅದರ ಬಾಜೂಕ ಇನ್ನೊಂದು, ನೋಡ್ತಾ ನೋಡ್ತಾ ಸಾಬುದಾಣಿ ಕುದ್ದಂಗ ಗುಂಪಾಗಿ ಉಬ್ಬಿ ಬಂದ್ವು. ಅಪ್ಪಗೂ ಕರದು ತೋರ್ಸೀನಿ.

ನಟ್ ಬಿಚ್ಚಿದ್ರ ಅರಳಿಸಿದ ಬಾಯಾಗ ಕೂದಲೆಳಿ ಅಷ್ಟು ಸೀಳು. ಕಾಯಿಲಿಗಿ ಏನೂ ಆಗಿದ್ದಿಲ್ಲ. ಎರಡು ಇಂಚು ಕೊಯ್ದು, ಅಂಚು ಕೆರದು, ಹೊಸ ಫ್ಲೇರ್ ಮಾಡಿ, ಹೊಸ ನಟ್ ಹಾಕಿ ಮತ್ತ ನೈಟ್ರೋಜನ್ ತುಂಬಿ ಊಟಕ್ಕ ಕುಂತ್ವಿ, ಎರಡು ತಾಸು ಮುಳ್ಳು ಅಲುಗಾಡಲಿಲ್ಲ. ಪಂಪ್ 45 ನಿಮಿಷ ಹಚ್ಚಿದ. ಸ್ಟಿಕ್ಕರಿನಾಗ 880 ಗ್ರಾಂ ಇತ್ತು, ತಕ್ಕಡಿ ಮ್ಯಾಲ ಸಿಲಿಂಡರ್ ಇಟ್ಟು 880 ಹಾಕ್ದ. ಎಲ್ಲಾ ಕೂಡಿ 4,500 ತಗೊಂಡ. ಒಂದು ತಾಸಾದ ಮ್ಯಾಲ ಅಳದ್ರ ಮ್ಯಾಲಿಂದು 27, ಕೆಳಗಿಂದು 15.

ರಾತ್ರಿ ಮೂರಕ್ಕ ಎದ್ದು ಹೋಗಿ ನೋಡೀನಿ, ಅಪ್ಪ ಚಾದರ ಎಳ್ಕೊಂಡು ಗ್ವಾಡಿ ಕಡಿ ಮಕ ಮಾಡಿ ಮಲಗಿದ್ರು. ಟೀಚರ್ ಅಕ್ಕಾರ, ಐತವಾರ ಸುಣ್ಣನೂ ಹೊಡದೀವಿ, ಎರಡು ಕೋಟು.

ಹುಬ್ಬಳ್ಳಿ_ಕೂಲಿಂಗ್

ಭಾಳ ಸಂತೋಷ ಆತು ಸರ. ಆ ಹುಡುಗನ ನಂಬರ್ ಜ್ವಾಕಿ ಇಡ್ರಿ, ಆಜು ಬಾಜು ಮನಿಯವರಿಗೂ ಕೊಡ್ರಿ, ಅಂಥ ಕೆಲಸಗಾರಗ ಕೆಲಸಾ ಸಿಗಬೇಕು. ಇನ್ನೊಂದು ಮಾಡ್ರಿ: ಇವತ್ತಿನ ತಾರೀಕು, 27, 15 ಅಂತ ಎಸಿ ಕೆಳಗ ಗ್ವಾಡಿ ಮ್ಯಾಲ ಪೆನ್ಸಿಲಿನಿಂದ ಬರದಿಡ್ರಿ. ತಿಂಗಳು ಬಿಟ್ಟು ಹಂಗ ಒಂದು ತಾಸು ಓಡಿಸಿ ಮತ್ತ ಅಳದು ಅದರ ಕೆಳಗ ಬರೀರಿ. ವ್ಯತ್ಯಾಸ 12ರಿಂದ 9ಕ್ಕ, 7ಕ್ಕ ಇಳಕೊಂತ ಬಂದ್ರ ಇನ್ನೂ ಎಲ್ಲೋ ಸೋರಾಕತ್ತೈತಿ ಅಂತ ಬರ್ಫ ಕಟ್ಟೂದರ ಒಳಗನ ಗೊತ್ತಾಕೈತಿ.

ಕಲಬುರಗಿ_ಬಿಸಿಲು

ಬರದು ಇಟ್ಟೀನಿ ಅಣ್ಣ. ಇವತ್ತಿಗಿ ಸರಿಯಾಗಿ 33 ದಿನ. ಮಧ್ಯಾಹ್ನ ಮೂರಕ್ಕ ಒಂದು ತಾಸು ಓಡಿಸಿ ಅಳದೀನಿ, ಹೊರಗ 41 ಅದ. ಮ್ಯಾಲಿಂದು 26, ಕೆಳಗಿಂದು 14.